ಗಾಳಿಯಕ್ಕನ ಕೈ

ಕೈಗವಸಿನ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಗಾಳಿಯಕ್ಕ ಎಂದೇ ಕರೆಯುತ್ತಿದ್ದರು. ಆ ಹೆಸರು ಬಂದದ್ದು ಅವಳ ಕೆಲಸದಿಂದ. ಅಚ್ಚಿನಿಂದ ಕಳಚಿ ಬಂದ ರಬ್ಬರ್ ಕೈಗವಸನ್ನು ಗಾಳಿಯ ಕೊಳವೆಯ ಬಾಯಿಗೆ ಸಿಕ್ಕಿಸಬೇಕು, ಉಬ್ಬಿಸಬೇಕು, ಕಿಟಕಿಯ ಬೆಳಕಿಗೆ ಹಿಡಿಯಬೇಕು, ಆಮೇಲೆ ಕೆನ್ನೆಯ ಹತ್ತಿರ ತಂದು ನಿಧಾನಕ್ಕೆ ತಿರುಗಿಸಬೇಕು. ಕಣ್ಣಿಗೆ ಕಾಣದ ತೂತು ಕೆನ್ನೆಗೆ ತಿಳಿಯುತ್ತದೆ. ಸಣ್ಣಗೆ ತಣ್ಣಗೆ ಏನೋ ತಾಗಿದರೆ ಆ ಕೈಗವಸು ಕಸದ ಬುಟ್ಟಿಗೆ, ಇಲ್ಲದಿದ್ದರೆ ಪೆಟ್ಟಿಗೆಗೆ. ಉದ್ದನೆಯ ಬೆಂಚಿನ ಎರಡೂ ಬದಿ ಹೆಂಗಸರು ಕೂತು ದಿನವಿಡೀ ಇದನ್ನೇ ಮಾಡುತ್ತಿದ್ದರು. ಅವರಲ್ಲಿ ಗಾಳಿಯಕ್ಕನ ಕೆನ್ನೆಯೇ ಚುರುಕು ಎಂದು ಮೇಸ್ತ್ರಿಯೇ ಒಪ್ಪಿದ್ದ.

ಅವಳ ಬಾಯಿ ಅದಕ್ಕಿಂತ ಚುರುಕು. ಮಾತು ಕಡಿಮೆ ಮಾಡಿ ಎಂದು ಮೇಸ್ತ್ರಿ ಒಮ್ಮೆ ಗದರಿದಾಗ, ಉಬ್ಬಿದ ಕೈಗವಸಿನ ಐದೂ ಬೆರಳನ್ನು ಅವನ ಮೂಗಿನ ಮುಂದೆ ಆಡಿಸಿ, "ಇದು ಹೋಗಿಬನ್ನಿ ಅಂತಿದೆ ನೋಡಿ" ಎಂದಿದ್ದಳು. ಎದುರಿಗೆ ಕೂರುತ್ತಿದ್ದ ಕುಳ್ಳಿ ನಕ್ಕು ನಕ್ಕು ಕೊಳವೆಯನ್ನು ಕೈಬಿಟ್ಟಾಗ ಅವಳ ಕೈಗವಸು ಪುರ್ರೆಂದು ಹಾರಿ ಮೇಸ್ತ್ರಿಯ ತಲೆಯ ಮೇಲೇ ಬಿದ್ದಿತ್ತು. ಎಷ್ಟೋ ವರ್ಷ ಬೆಂಚು ಆ ಕಥೆಯನ್ನು ಹೇಳಿಕೊಂಡು ನಕ್ಕಿತು. ಗಾಳಿಯಕ್ಕನಿಗೆ ಮದುವೆಯಾಗಿರಲಿಲ್ಲ. ಕೇಳಿದವರಿಗೆ, "ನನ್ನ ಕಿರುಬೆರಳು ಸೊಟ್ಟ, ಅದನ್ನ ನೋಡಿ ಬಂದ ಗಂಡುಗಳೆಲ್ಲ ಓಡಿದ್ರು" ಎಂದು ಎಡಗೈ ಎತ್ತಿ ತೋರಿಸುತ್ತಿದ್ದಳು. ಕಿರುಬೆರಳು ನಿಜಕ್ಕೂ ಸೊಟ್ಟಗಿತ್ತು. ಗಂಡುಗಳು ಓಡಿದ್ದು ಮಾತ್ರ ಅವಳ ಬಾಯಿಗೆ ಹೆದರಿ. ಅವಳಿಗೆ ಅದರ ಕೊರಗಿರಲಿಲ್ಲ, ಏಕೆಂದರೆ ಆ ಬೆಂಚೇ ಅವಳ ಸಂಸಾರವಾಗಿತ್ತು.

ಅವಳು ಇದ್ದದ್ದು ತಮ್ಮನ ಮನೆಯಲ್ಲಿ, ಅಡುಗೆಮನೆಯ ಹಿಂದಿನ ಕೋಣೆಯಲ್ಲಿ. ಕಿಟಕಿ ತೆರೆದರೆ ಮೋರಿ, ಮುಚ್ಚಿದರೆ ಸೆಕೆ. ತಮ್ಮ ಅದೇ ಕಾರ್ಖಾನೆಯಲ್ಲಿ ಕೆಮಿಸ್ಟ್. ಅವನನ್ನು ಓದಿಸಿದ್ದು ಇವಳು. ಓದಿಸಿದ್ದನ್ನು ಮುಚ್ಚಿಟ್ಟುಕೊಳ್ಳುವ ದೊಡ್ಡ ಗುಣ ಅವಳಲ್ಲಿರಲಿಲ್ಲ. ಊಟಕ್ಕೆ ಕೂತಾಗ, ನೆಂಟರು ಬಂದಾಗ, ಯಾರೂ ಕೇಳದಿದ್ದಾಗಲೂ, "ಇವನ ಪುಸ್ತಕಕ್ಕೆ ಬೈಂಡ್ ಹಾಕಿದ್ದೂ ನಾನೇ" ಎಂದು ಶುರುಮಾಡುತ್ತಿದ್ದಳು. ತಮ್ಮನ ಹೆಂಡತಿ ಹಲ್ಲು ಕಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದಳು. ತಮ್ಮ ತಟ್ಟೆ ನೋಡುತ್ತಾ ಬೇಗ ಬೇಗ ಉಣ್ಣುತ್ತಿದ್ದ.

ಕಷ್ಟ ಶುರುವಾದದ್ದು ಸೀನಿನಿಂದ. ಕೈಗವಸು ಅಂಟಿಕೊಳ್ಳದಿರಲೆಂದು ಉದುರಿಸುವ ಬಿಳಿ ಪುಡಿ ಬೆಂಚಿನ ಮೇಲೆ ಯಾವಾಗಲೂ ತೇಲುತ್ತಿರುತ್ತಿತ್ತು. ಅದು ಮೂಗಿಗೆ ಹೋದರೆ ಸಾಕು, ಅವಳಿಗೆ ಸಾಲುಸಾಲು ಸೀನು. ಆಮೇಲೆ ಕೈಯಲ್ಲಿ ಕೆಂಪು ದದ್ದು ಎದ್ದಿತು. ಅವಳು ಉದ್ದ ತೋಳಿನ ರವಿಕೆ ಹೊಲಿಸಿಕೊಂಡಳು, ಮುಲಾಮು ಮೆತ್ತಿಕೊಂಡಳು, ಕುಳ್ಳಿ ಕೇಳಿದರೆ ಸೊಳ್ಳೆ ಎಂದಳು. ಇಷ್ಟು ದೊಡ್ಡ ಸೊಳ್ಳೆಗೆ ನಮ್ಮಲ್ಲೇ ಕೆಲಸ ಕೊಡಿಸಬಹುದಲ್ಲ ಎಂದು ಕುಳ್ಳಿ ತಮಾಷೆ ಮಾಡಿದಳು. ಒಂದು ಮಧ್ಯಾಹ್ನ, ಉಬ್ಬಿದ ಕೈಗವಸನ್ನು ಕೆನ್ನೆಗೆ ಹಿಡಿದಿದ್ದ ಹಾಗೆಯೇ, ಗಾಳಿಯಕ್ಕನ ರೆಪ್ಪೆಗಳು ಬಾತುಕೊಂಡು ಕಣ್ಣು ಮುಚ್ಚಿಹೋದವು, ತುಟಿ ದಪ್ಪಗಾಯಿತು, ಉಸಿರು ಸಿಳ್ಳೆ ಹೊಡೆಯತೊಡಗಿತು. ಕುಳ್ಳಿ ಕಿರುಚಿಕೊಂಡಳು.

ಡಾಕ್ಟರು ಸೂಜಿ ಚುಚ್ಚಿ, ಉಸಿರು ಸರಿಹೋದ ಮೇಲೆ ಹೇಳಿದರು. ರಬ್ಬರ್ ಮರದ ಹಾಲಿನಲ್ಲಿ ರಬ್ಬರಿನ ಜೊತೆ ಒಂದಿಷ್ಟು ಪ್ರೋಟೀನ್ ಇರುತ್ತದೆ, ಅದು ನಿಮ್ಮ ಮೈಗೆ ಆಗುವುದಿಲ್ಲ, ಇನ್ನು ಆ ಬೆಂಚಿನ ಹತ್ತಿರ ಸುಳಿಯಬೇಡಿ. ಮಾರನೆಯ ದಿನ ಮೇಸ್ತ್ರಿ ಅವಳ ಸ್ಟೂಲನ್ನು ಎತ್ತಿ ಗೋಡೆಗೆ ತಾಗಿಸಿಟ್ಟ. ಗೇಟಿನ ಹತ್ತಿರ ನಿಂತು ಅದನ್ನು ನೋಡಿದ ಗಾಳಿಯಕ್ಕನಿಗೆ ಅಳು ಬಂತು. ಅವಳು ಅತ್ತಿದ್ದನ್ನು ಕಾರ್ಖಾನೆ ಕಂಡದ್ದು ಅದೇ ಮೊದಲು.

ಅವಳನ್ನು ಉಳಿಸಿದ್ದು ತಮ್ಮ. ಹಾಗೆಂದು ಅವಳು ತಿಳಿದಳು, ಹಾಗೆಂದು ಅವನೂ ಹೇಳಿದ.

ಆ ದಿನಗಳಲ್ಲಿ ಆಸ್ಪತ್ರೆಗಳಿಂದ ಪೆಟ್ಟಿಗೆಗಳು ವಾಪಸ್ಸು ಬರುತ್ತಿದ್ದವು. ನರ್ಸುಗಳ ಕೈಗೆ ತುರಿಕೆಯಂತೆ, ಕೆಲವು ರೋಗಿಗಳಿಗೆ ಉಸಿರೇ ಕಟ್ಟುತ್ತದಂತೆ. ಕಾರ್ಖಾನೆಯ ಯಜಮಾನರು ಕೆಮಿಸ್ಟನನ್ನು ಕರೆದು, ಈ ರಬ್ಬರಿನಲ್ಲಿರುವ ಕಸವನ್ನೆಲ್ಲ ತೊಳೆದು ತೆಗೆ, ಶುದ್ಧ ಮಾಲು ಕೊಡು ಎಂದರು. ತೊಳೆಯುವುದು ಅವನಿಗೆ ಗೊತ್ತಿತ್ತು. ಪ್ರೋಟೀನನ್ನು ಕತ್ತರಿಸುವ ಕಿಣ್ವ ಹಾಕಿ, ಸೋಪಿನ ನೀರು ಬೆರೆಸಿ, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಮೇಲೆ ಬಂದ ಕೆನೆ ಇಟ್ಟುಕೊಂಡು ಕೆಳಗಿನ ನೀರು ಚೆಲ್ಲುವುದು. ಆದರೆ ಕಸ ಹೋಯಿತೋ ಇಲ್ಲವೋ ಎಂದು ತಿಳಿಯಲು ಮಾದರಿಯನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳಿಸಬೇಕು, ವರದಿಗೆ ಕಾಯಬೇಕು. ಯಜಮಾನರಿಗೆ ಕಾಯುವುದೆಂದರೆ ಮೈಯೆಲ್ಲ ಉರಿ. ಆಗ ತಮ್ಮ ಹೇಳಿದ, "ನಮ್ಮಕ್ಕ ಇದ್ದಾಳಲ್ಲ ಸರ್. ಅವಳ ಕೈ ಸುಳ್ಳು ಹೇಳಲ್ಲ."

ಗಾಳಿಯಕ್ಕನನ್ನು ಬೆಂಚಿನಿಂದ ಲ್ಯಾಬಿಗೆ ಹಾಕಿದರು. ಅಲ್ಲಿ ಅವಳ ಕೆಲಸ ಕೂರುವುದು. ಹೊಸದಾಗಿ ತೊಳೆದ ಹಾಲಿನಲ್ಲಿ ಪಿಂಗಾಣಿಯ ಅಚ್ಚಿನ ಕೈಯನ್ನು ಅದ್ದಿ, ಒಣಗಿಸಿ, ಬೇಯಿಸಿ, ಕಳಚಿದ ಕೈಗವಸನ್ನು ತಮ್ಮ ಒದ್ದೆ ಮಾಡಿ ಅವಳ ಕೈಗೆ ಏರಿಸುತ್ತಿದ್ದ. ಒಂದು ಲೋಟ ಚಹಾ ಆರಿ ಮುಗಿಯುವಷ್ಟು ಹೊತ್ತು ಹಾಗೇ ಬಿಡುತ್ತಿದ್ದ. ಆಮೇಲೆ ಕಳಚಿ, ಎದ್ದ ದದ್ದುಗಳ ಸುತ್ತ ನೀಲಿ ಪೆನ್ನಿನಿಂದ ಗೆರೆ ಎಳೆದು, ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು ಎಂದು ಸ್ಕೇಲಿನಲ್ಲಿ ಅಳೆಯುತ್ತಿದ್ದ. ಉಸಿರು ಸಿಳ್ಳೆ ಹಾಕಿದರೆ ಇರಲಿ ಎಂದು ಮೇಜಿನ ಮೇಲೆ ಒಂದು ಸೂಜಿ ತಯಾರಿಟ್ಟಿದ್ದ. ಕಾರ್ಖಾನೆ ಇದಕ್ಕೆ ಕಣ್ಣೆತ್ತಿ ಕೂಡ ನೋಡಲಿಲ್ಲ. ಅಕ್ಕನ ಕೈ, ತಮ್ಮನ ಕೆಲಸ, ಮನೆಮಂದಿಯ ವಿಷಯ ಎಂದು ಎಲ್ಲರೂ ಕೈ ತೊಳೆದುಕೊಂಡರು.

ಮೊದಮೊದಲು ತಮ್ಮ ದದ್ದಿನ ಮೇಲೆ ಉಫ್ ಎಂದು ಊದುತ್ತಿದ್ದ. "ಉರಿಯುತ್ತಾ ಅಕ್ಕ?"

"ಇಲ್ಲ ಕಣೋ, ಗುದ್ದಲಿಯಲ್ಲಿ ಕೆರೆದ ಹಾಗಿದೆ ಅಷ್ಟೇ. ನೀನು ಅಳೆ."

"ಸ್ವಲ್ಪ ದಿನ ಸಹಿಸ್ಕೋ. ನಿನ್ನ ಕೈ ಏಳದೇ ಇರೋ ಕೈಗವಸು ಮಾಡಿದ ದಿನ ನಿನ್ನನ್ನ ವಾಪಸ್ ಬೆಂಚಿಗೆ ಕೂರಿಸ್ತೀನಿ. ಅದನ್ನೇ ಹಾಕ್ಕೊಂಡು ಕೆಲಸ ಮಾಡು. ಪುಡಿಯೂ ಇರಲ್ಲ, ಏನೂ ಇರಲ್ಲ."

ಈ ಒಂದು ಮಾತನ್ನು ಅವಳು ಗಂಟು ಹಾಕಿಟ್ಟುಕೊಂಡಳು. ಗೋಡೆಗೆ ತಾಗಿಸಿಟ್ಟ ಸ್ಟೂಲು ಮತ್ತೆ ಕುಳ್ಳಿಯ ಎದುರಿಗೆ ಬರಬೇಕು, ಅವಳಿಗೆ ಬೇಕಾದದ್ದು ಇಷ್ಟೇ. ಬಲಗೈ ಹುಣ್ಣಾದಾಗ ಎಡಗೈ ಕೊಟ್ಟಳು, ಎಡಗೈಯೂ ಕೆಟ್ಟಾಗ ಮೊಳಕೈಯವರೆಗೆ ತೋಳು ಕೊಟ್ಟಳು, ಅದೂ ಆದ ಮೇಲೆ ಸೀರೆ ಎತ್ತಿ ಪಾದ ಮುಂದಿಟ್ಟು, "ಇದಕ್ಕೂ ಐದೇ ಬೆರಳು ನೋಡು" ಎಂದಳು. ತಮ್ಮ ನಗಲಿಲ್ಲ. ಅವನು ಊದುವುದನ್ನು ನಿಲ್ಲಿಸಿ ಆಗಲೇ ಎಷ್ಟೋ ದಿನವಾಗಿತ್ತು.

ಮನೆಯಲ್ಲಿ ತಮ್ಮನ ಹೆಂಡತಿ, "ಅತ್ತಿಗೆ, ತಪ್ಪು ತಿಳೀಬೇಡಿ, ನಿಮ್ಮ ಕೈ ನೋಡ್ಕೊಂಡು ನಂಗೆ ಊಟ ಸೇರಲ್ಲ" ಎಂದು ಅವಳ ತಟ್ಟೆಯನ್ನು ಹಿಂದಿನ ಕೋಣೆಗೇ ತಂದಿಡಲು ಶುರುಮಾಡಿದಳು. ತಮ್ಮ ಮೊದಲಿನಂತೆ ತಟ್ಟೆ ನೋಡುತ್ತಾ ಉಂಡ. ಪುಸ್ತಕಕ್ಕೆ ಬೈಂಡ್ ಹಾಕಿದ ಕಥೆ ಹೇಳಲು ಗಾಳಿಯಕ್ಕನಿಗೆ ಇನ್ನು ಗೋಡೆಯೇ ಗತಿಯಾಯಿತು.

ಕೊನೆಗೊಮ್ಮೆ ತಮ್ಮ ಹಾಲನ್ನು ತೊಳೆದು, ಮತ್ತೆ ತೊಳೆದು, ಮತ್ತೂ ತೊಳೆದು ಒಂದು ಕೈಗವಸು ತಂದ. ಅದಕ್ಕೆ ಬಣ್ಣವಿರಲಿಲ್ಲ, ರಬ್ಬರಿನ ಆ ಹುಳಿ ವಾಸನೆಯೂ ಇರಲಿಲ್ಲ. ಏರಿಸಿದರು, ಚಹಾ ಆರಿತು, ಕಳಚಿದರು. ಕೈ ಈಗ ತಾನೇ ಸ್ನಾನ ಮಾಡಿ ಬಂದ ಹಾಗೆ ತಣ್ಣಗಿತ್ತು. ಒಂದು ಹೊಸ ದದ್ದಿಲ್ಲ, ಒಂದು ಹೊಸ ಗುಳ್ಳೆಯಿಲ್ಲ. ಗಾಳಿಯಕ್ಕ ಆ ಕೈಗವಸಿಗೆ ಲೊಚಕ್ಕೆಂದು ಮುತ್ತು ಕೊಟ್ಟು, "ಕುಳ್ಳೀ, ಸ್ಟೂಲು ಒರೆಸಿಡೇ!" ಎಂದು ಲ್ಯಾಬಿನ ಬಾಗಿಲಿಂದಲೇ ಕೂಗಿದಳು.

ಅದೇ ಕೈಗವಸನ್ನು ಬೆಂಚಿಗೆ ಕಳಿಸಿದರು. ಕುಳ್ಳಿ ಕೊಳವೆಗೆ ಸಿಕ್ಕಿಸಿದಳು, ಗಾಳಿ ಬಿಟ್ಟಳು, ಟಪ್ಪೆಂದಿತು. ಇನ್ನೊಂದು ತಂದರು, ಅದೂ ಟಪ್. ಮೂರನೆಯದನ್ನು ಮೇಸ್ತ್ರಿ ತನ್ನ ಕೈಗೆ ಎಳೆದುಕೊಳ್ಳಲು ಹೋದರೆ ಹೆಬ್ಬೆರಳಿನ ಸಂದಿಯಲ್ಲಿ ಪರ್ರೆಂದು ಸೀಳಿತು.

ತಮ್ಮ ಒಂದಷ್ಟು ದಿನ ತಲೆ ಮೇಲೆ ಕೈ ಹೊತ್ತು ಕೂತ, ಓದಿದ, ಯಾರುಯಾರಿಗೋ ಫೋನು ಮಾಡಿದ. ಆಮೇಲೆ ಯಜಮಾನರ ಮುಂದೆ ನಿಂತು ವಿವರಿಸಿದ. ಗಾಳಿಯಕ್ಕ ಮೂಲೆಯ ಸ್ಟೂಲಿನಲ್ಲಿ ಕೈಗೆ ಮುಲಾಮು ಹಚ್ಚಿಕೊಳ್ಳುತ್ತಾ ಕೇಳಿಸಿಕೊಂಡಳು.

"ರಬ್ಬರಿನ ಅಣು ಅಂದ್ರೆ ಒಂದು ಉದ್ದನೆಯ ಸರಪಳಿ ಸರ್. ಮರದ ಹಾಲಿನಲ್ಲಿ ಹುಟ್ಟುವಾಗಲೇ ಅದರ ಒಂದು ತುದಿಗೆ ಪ್ರೋಟೀನಿನ ಚೂರು ಅಂಟಿರುತ್ತೆ, ಇನ್ನೊಂದು ತುದಿಗೆ ಕೊಬ್ಬಿನ ಜಾತಿದು, ಫಾಸ್ಫೋಲಿಪಿಡ್ ಅಂತ. ಎಲ್ಲಾ ಸೇರಿ ನೂರಕ್ಕೆ ಐದಾರು ಪಾಲು. ಆದ್ರೆ ಈ ಚೂರುಗಳು ಒಂದನ್ನೊಂದು ಹಿಡ್ಕೊಳ್ತಾವೆ. ಒಂದು ಸರಪಳಿಯ ತುದಿ ಇನ್ನೊಂದರ ತುದಿಗೆ ಗಂಟು ಬೀಳುತ್ತೆ. ಹಾಗೆ ಎಲ್ಲಾ ಸೇರಿ ಬಲೆ ಆಗುತ್ತೆ. ಎಳೆದಾಗ ಸರಪಳಿಗಳು ಸಾಲಾಗಿ ನಿಂತು ಗಟ್ಟಿಯಾಗೋದು ಆ ಬಲೆಯಿಂದ. ನಾವು ತೊಳೆದು ತೊಳೆದು ಗಂಟುಗಳನ್ನೇ ಬಿಚ್ಚಿಬಿಟ್ವಿ. ಈಗ ಎಳೆದ್ರೆ ಸರಪಳಿಗಳು ಜಾರಿ ಹೋಗ್ತಾವೆ. ಬೇಯಿಸುವಾಗ ಗಂಧಕ ಹಾಕಿ ಕಟ್ಟಿದ್ರೂ ಆ ಮೊದಲಿನ ಹಿಡಿತ ಪೂರ್ತಿ ಬರಲ್ಲ."

"ಅಂದ್ರೆ ಕಸವೇ ಗಟ್ಟಿ ಅಂತೀಯ?" ಯಜಮಾನರು ಮುಖ ಗಂಟಿಕ್ಕಿದರು.

"ಹಾಗೇ ಅಂದ್ಕೊಳ್ಳಿ ಸರ್."

"ಹಿಡಿದಿಟ್ಟಿರೋದೇ ಅದಾದ್ರೆ ಅದನ್ನ ಕಸ ಅಂತ ಯಾಕಂತೀರೋ?" ಎಂದು ಮೂಲೆಯಿಂದ ಗಾಳಿಯಕ್ಕ ಬಾಯಿ ಹಾಕಿದಳು. ಯಾರೂ ಅವಳ ಕಡೆ ತಿರುಗಲಿಲ್ಲ. ಅವಳಿಗೇನೂ ಅರ್ಥವಾಗಿರಲಿಲ್ಲ, ಅಭ್ಯಾಸಬಲದಿಂದ ಮೂಗು ತೂರಿಸಿದ್ದಳು ಅಷ್ಟೇ.

ಅಲ್ಲಿಂದ ಮುಂದೆ ನಡುವಿನ ದಾರಿ ಹುಡುಕುವುದಾಯಿತು. ಅರ್ಧ ತೊಳೆದರೆ ಕೈಗವಸು ಗಟ್ಟಿ, ಅವಳ ಕೈ ಕೆಂಪು. ಮುಕ್ಕಾಲು ತೊಳೆದರೆ ಕೈಗವಸು ಸಡಿಲ, ಕೈ ಆಗಲೂ ಕೆಂಪು. ಪ್ರತಿಯೊಂದನ್ನೂ ಅವಳ ಚರ್ಮಕ್ಕೇ ಕೇಳಬೇಕಿತ್ತು. ಚರ್ಮ ಪ್ರತಿ ಸಲವೂ ಬೇಡ ಎಂದೇ ಹೇಳಿತು. ತಮ್ಮನ ಕೂದಲು ಉದುರತೊಡಗಿತು. ಒಂದು ದಿನ ಅವನು ಅವಳ ಕೈಯನ್ನು ಮೇಜಿಗೆ ಕುಕ್ಕಿ, "ನಿಂದೊಂದು ಕೈ! ಗಾಳಿ ತಾಗಿದ್ರೂ ಏಳುತ್ತೆ" ಎಂದು ಬಯ್ದ. ತಪ್ಪು ತನ್ನ ಕೈಯದೇ ಇರಬೇಕು ಎಂದು ಅವಳಿಗೂ ಅನ್ನಿಸಿತು.

ಆಗಲೇ ಯಜಮಾನರ ಕೊನೆಯ ಮಾತು ಬಂತು. ಊರಿನ ದೊಡ್ಡ ಆಸ್ಪತ್ರೆಯ ಮುಖ್ಯ ಸರ್ಜನ್ ಕಾರ್ಖಾನೆಗೆ ಬರುತ್ತಿದ್ದಾರೆ, ಅವರು ಒಪ್ಪಿದರೆ ಸುತ್ತಲ ಆಸ್ಪತ್ರೆಗಳೆಲ್ಲ ಒಪ್ಪುತ್ತವೆ. ಅವರ ಕಣ್ಣ ಮುಂದೆ ಕೈಗವಸು ಉಬ್ಬಬೇಕು, ಅಕ್ಕನ ಕೈ ಉಬ್ಬಬಾರದು. ಇಲ್ಲದಿದ್ದರೆ ಲ್ಯಾಬಿಗೆ ಬೀಗ, ಅಕ್ಕ ತಮ್ಮ ಇಬ್ಬರೂ ಗೇಟಿನ ಆಚೆ.

ಅಂದು ಬೆಳಿಗ್ಗೆ ಗಾಳಿಯಕ್ಕ ತನ್ನ ಕೋಣೆಯಲ್ಲಿ ಕೂತು ಒಂದು ತೀರ್ಮಾನಕ್ಕೆ ಬಂದಳು. ತುರಿಕೆ ತಡೆಯಲಾರದೆ ಅವಳು ಔಷಧಿ ಅಂಗಡಿಯಿಂದ ಮಾತ್ರೆ ತಂದಿಟ್ಟುಕೊಂಡಿದ್ದಳು. ನುಂಗಿದ ದಿನ ದದ್ದು ಅಷ್ಟಾಗಿ ಏಳುವುದಿಲ್ಲ, ನಿದ್ದೆ ಮಾತ್ರ ಎಳೆಯುತ್ತದೆ ಎಂದು ಅವಳಿಗೆ ಗೊತ್ತಾಗಿತ್ತು. ಪರೀಕ್ಷೆಯ ದಿನ ಎಂದೂ ನುಂಗಿರಲಿಲ್ಲ. ಇದೊಂದು ಸಲ ಎಂದುಕೊಂಡಳು. ಎಷ್ಟೆಂದರೂ ಒಂದಿಷ್ಟು ತುರಿಕೆ ತಾನೆ, ಯಾರು ಸಾಯುತ್ತಾರೆ? ಬೆಂಚಿನಲ್ಲಿ ತನಗೆ ಉಸಿರು ಕಟ್ಟಿದ್ದನ್ನು ಅವಳು ಆ ಹೊತ್ತಿನಲ್ಲಿ ನೆನೆಯಲಿಲ್ಲ, ಅಥವಾ ನೆನೆಯಲು ಒಪ್ಪಲಿಲ್ಲ. ಎರಡು ಮಾತ್ರೆ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಒಗೆದಿಟ್ಟ ಸೀರೆ ಉಟ್ಟು ಹೊರಟಳು.

ಸರ್ಜನ್ ಬಂದರು. ಅರ್ಧ ತೊಳೆದ ಕೈಗವಸು ಕುಳ್ಳಿಯ ಕೊಳವೆಯಲ್ಲಿ ಕುಂಬಳಕಾಯಿಯಷ್ಟಾಗಿ ನಿಂತಿತು. ಅದರದೇ ಜೋಡಿಯನ್ನು, ಕೆಲವು ವಾರ ಪರೀಕ್ಷೆಯಿಲ್ಲದೆ ಮಾಗಲು ಬಿಟ್ಟಿದ್ದ ಗಾಳಿಯಕ್ಕನ ಎಡಗೈಗೆ ಏರಿಸಿದರು. ಸರ್ಜನ್ ಚಹಾ ಕುಡಿದರು. ಕಳಚಿದಾಗ ಕೈ ಬೆಳ್ಳಗೆ, ನುಣ್ಣಗೆ ಇತ್ತು. ಯಜಮಾನರು ಚಪ್ಪಾಳೆ ತಟ್ಟಿದರು, ಬೆಂಚಿಗೆ ಬೆಂಚೇ ಚಪ್ಪಾಳೆ ತಟ್ಟಿತು. ಗಾಳಿಯಕ್ಕ ಬಾಯಿ ತುಂಬ ಆಕಳಿಸಿದಳು.

ತಮ್ಮ ಅವಳ ಮಣಿಕಟ್ಟು ಹಿಡಿದುಕೊಂಡೇ ಇದ್ದ. "ಯಾಕೆ ಅಕ್ಕ, ನಿದ್ದೆ ಬರ್ತಿದೆಯಾ?"

"ನಿನ್ನ ಯೋಚನೇಲಿ ರಾತ್ರಿಯೆಲ್ಲ ಕಣ್ಣಿಗೆ ಕಣ್ಣು ಹತ್ತಿಲ್ಲ ಕಣೋ. ಸ್ವಲ್ಪ ನೀರು ಕೊಡು, ಬಾಯಿ ಒಣಗ್ತಿದೆ."

ಅವನು ಅವಳ ಒಣಗಿದ ತುಟಿಯನ್ನು ನೋಡಿದ, ಕೆಳಗೆ ಎಳೆಯುತ್ತಿದ್ದ ರೆಪ್ಪೆಗಳನ್ನು ನೋಡಿದ. ಆಮೇಲೆ ಕೈಬಿಟ್ಟು, ನಗುತ್ತಾ ಸರ್ಜನ್ ಕಡೆ ತಿರುಗಿದ.

ಮುಂದಿನದೆಲ್ಲ ಬೇಗ ಬೇಗ ಆಯಿತು. ಹೊಸ ಪೆಟ್ಟಿಗೆ ಅಚ್ಚಾಯಿತು. ಅದರ ಮೇಲೆ ರಬ್ಬರ್ ಅಲರ್ಜಿ ಇರುವವರಿಗೂ ಕ್ಷೇಮ ಎಂಬ ಅಕ್ಷರ, ಅದರ ಕೆಳಗೆ ಒಂದು ಹೆಂಗಸಿನ ಎಡಗೈಯ ಚಿತ್ರ. ಫೋಟೋ ತೆಗೆಯುವವನು ಸೊಟ್ಟ ಕಿರುಬೆರಳನ್ನು ನೇರ ಮಾಡಲು ನೋಡಿ ಸೋತಿದ್ದ. ತಮ್ಮನಿಗೆ ದೊಡ್ಡ ಕುರ್ಚಿ ಸಿಕ್ಕಿತು. ಗಾಳಿಯಕ್ಕ ಬೆಂಚಿನ ಮಾತೆತ್ತಿದಳು.

"ಬೇಡ ಅಕ್ಕ. ಅಲ್ಲಿ ಇನ್ನೂ ಹಳೇ ಮಾಲಿನ ಪುಡಿ ಇರುತ್ತೆ."

"ಹೊಸ ಕೈಗವಸು ಹಾಕ್ಕೊಂಡು ಕೂರ್ತೀನಲ್ಲೋ. ನೀನೇ ಹೇಳಿದ್ದೆ."

"ನಾಳೆ ನಿನ್ನ ಮುಖ ಊದಿದ್ರೆ ಪೆಟ್ಟಿಗೆ ಮೇಲೆ ಬರೆದದ್ದಕ್ಕೆ ಏನು ಬೆಲೆ? ಜನ ನಗಲ್ವಾ? ಮನೇಲಿರು. ಆರಾಮಾಗಿರು."

ಹೊಸ ಕೈಗವಸಿನಿಂದ ಮುಖ ಏಕೆ ಊದಬೇಕು ಎಂದು ಅವಳು ಕೇಳಲಿಲ್ಲ. ಕೇಳಿದರೆ ಮಾತ್ರೆಯ ಗುಟ್ಟು ಹೊರಬೀಳುತ್ತದೆ ಎಂದು ಹೆದರಿದಳು. ಆ ಗುಟ್ಟು ಅವನಿಗೂ ಗೊತ್ತಿರಬಹುದು ಎಂಬುದು ಅವಳಿಗೆ ಹೊಳೆಯಲಿಲ್ಲ, ಓದಿಸಿದ ಅಕ್ಕಂದಿರಿಗೆ ಅಂಥದ್ದು ಹೊಳೆಯುವುದು ಕಷ್ಟ. ಅವಳು ಹಿಂದಿನ ಕೋಣೆಯಲ್ಲಿ ಕೂತು ಮೋರಿ ನೋಡಿದಳು. ಸಂಜೆ ಕುಳ್ಳಿ ಬಂದು ಬೆಂಚಿನ ಸುದ್ದಿ ಹೇಳಿ ಹೋಗುತ್ತಿದ್ದಳು, ಅದೊಂದೇ ಅವಳ ಊಟ.

ಹಾಗಿರುವಾಗ ಹೊಟ್ಟೆಯ ಬಲಗಡೆ ನೋವು ಕಾಣಿಸಿಕೊಂಡಿತು. ಪಿತ್ತಕೋಶದಲ್ಲಿ ಕಲ್ಲು, ತೆಗೆಯಬೇಕು ಎಂದರು. ಯಜಮಾನರ ಪರಿಚಯದಿಂದ ಅದೇ ದೊಡ್ಡ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು. ಬೆಳಿಗ್ಗೆ ಖಾಲಿ ಹೊಟ್ಟೆ, ನೀರೂ ಇಲ್ಲ, ಮಾತ್ರೆಯಂತೂ ಇಲ್ಲವೇ ಇಲ್ಲ. ನರ್ಸ್ ಬಂದು ಮಂಪರಿನ ಸೂಜಿ ಚುಚ್ಚಿ, ನಿಮಗೆ ಏನಾದರೂ ಆಗಿಬರುವುದಿಲ್ಲವೇ ಎಂದು ವಾಡಿಕೆಯಂತೆ ಕೇಳಿದಳು.

"ರಬ್ಬರ್ ಆಗಲ್ಲ ಕಣಮ್ಮ ನಂಗೆ. ಕೈಗವಸು ಪ್ಲಾಸ್ಟಿಕ್ಕಿನದು ಹಾಕ್ಕೊಳ್ಳಕ್ಕೆ ಹೇಳು."

"ಹೆದರ್ಬೇಡಿ ಅಮ್ಮಾ, ನಿಮ್ಮಂಥವರಿಗೆ ಅಂತಲೇ ಬೇರೆ ಬಂದಿದೆ. ನೋಡಿ."

ನರ್ಸ್ ತೋರಿಸಿದ ಪೆಟ್ಟಿಗೆಯ ಮೇಲೆ ಸೊಟ್ಟ ಕಿರುಬೆರಳಿನ ಎಡಗೈ ಇತ್ತು. ತುರಿಕೆ ತಾನೆ ಎಂದುಕೊಂಡಿದ್ದಳು ಗಾಳಿಯಕ್ಕ. ಹೊಟ್ಟೆ ಸೀಳಿದ ಮೇಲೆ ಆ ಕೈಗಳು ಹೋಗುವುದು ಒಳಗೆ ಎಂದು ಈಗ ತಿಳಿಯಿತು. ತಮ್ಮನನ್ನು ಕರೆಯಿರಿ, ತಮ್ಮನನ್ನು ಕರೆಯಿರಿ ಎಂದು ಮಂಚದ ಸರಳು ಹಿಡಿದು ಕೂಗಿದಳು.

ತಮ್ಮ ಬಂದ. ಅವನ ಹಿಂದೆಯೇ ಸರ್ಜನ್ ಬಂದರು. "ಓಹೋ, ಆ ಕೈ ಇವರದೇ ಅಲ್ವಾ?" ಎಂದು ಅವರು ಖುಷಿಯಿಂದ ಪೆಟ್ಟಿಗೆಯನ್ನೂ ಅವಳನ್ನೂ ನೋಡಿದರು.

ಗಾಳಿಯಕ್ಕ ತಮ್ಮನ ಅಂಗಿಯ ತುದಿ ಹಿಡಿದಳು. ನಾಲಿಗೆ ಆಗಲೇ ತೊಡರುತ್ತಿತ್ತು. "ಅದು ಬೇಡ ಅಂತ ಹೇಳೋ. ಪ್ಲಾಸ್ಟಿಕ್ಕಿನದು ಹಾಕ್ಲಿ."

"ಏನಾಗಲ್ಲ ಅಕ್ಕ. ನಿನ್ನ ಕೈ ಮೇಲೇ ಪಾಸಾಗಿದ್ದಲ್ವಾ ಅದು?"

"ಅವತ್ತು ನಾನು ಮಾತ್ರೆ ನುಂಗಿದ್ದೆ ಕಣೋ. ನಿಂಗೋಸ್ಕರ. ಡಾಕ್ಟ್ರೇ, ನಾನು ಮಾತ್ರೆ ನುಂಗಿದ್ದೆ."

ಸರ್ಜನ್ ಹುಬ್ಬೇರಿಸಿ ಕೆಮಿಸ್ಟನ ಮುಖ ನೋಡಿದರು. ಅವನು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಇವಳು ಹೆದರಿದ್ದಾಳೆ, ಇವಳೊಬ್ಬಳಿಗೆ ಬೇರೆಯದು ಹಾಕಿ ಎಂದಿದ್ದರೂ ಸಾಕಿತ್ತು, ಗುಟ್ಟೂ ಉಳಿಯುತ್ತಿತ್ತು, ಅಕ್ಕನೂ ಉಳಿಯುತ್ತಿದ್ದಳು. ಆದರೆ ಪೆಟ್ಟಿಗೆಯ ಮೇಲಿನ ಕೈಯೇ ಆ ಪೆಟ್ಟಿಗೆಯನ್ನು ಬೇಡ ಎಂದರೆ ಅದನ್ನು ಯಾರು ಕೊಳ್ಳುತ್ತಾರೆ? ಅವನು ಅಂಗಿಯ ತುದಿಯಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

"ಅವತ್ತು ಬೆಳಿಗ್ಗೆಯಿಂದ ನನ್ನ ಜೊತೇಲೇ ಇದ್ಲು ಸರ್. ಯಾವ ಮಾತ್ರೆಯೂ ಇಲ್ಲ. ಆಪರೇಷನ್ ಅಂದಾಗಿನಿಂದ ಹೀಗೇ, ಏನೇನೋ ಹೇಳ್ತಾಳೆ. ಭಯ."

"ಮಂಪರಿನಲ್ಲಿ ಎಲ್ಲರೂ ಹೀಗೇ" ಎಂದು ಸರ್ಜನ್ ಅವಳ ಕೆನ್ನೆ ತಟ್ಟಿದರು. ಚಕ್ರದ ಮಂಚ ಒಳಗೆ ಹೋಯಿತು. ಗಾಳಿಯಕ್ಕ ತಲೆ ಹೊರಳಿಸಿ ತಮ್ಮನನ್ನು ನೋಡಲು ಪ್ರಯತ್ನಪಟ್ಟಳು. ಅವನು ಪೆಟ್ಟಿಗೆಯ ಮುಚ್ಚಳ ಸರಿಮಾಡುತ್ತಿದ್ದ.

ಅವಳು ಸಾಯಲಿಲ್ಲ. ಹೊಟ್ಟೆಯೊಳಗೆ ಕೈ ಹೋದ ಸ್ವಲ್ಪ ಹೊತ್ತಿಗೆ ಮೈಯೆಲ್ಲ ಕೆಂಪೇರಿತು, ರಕ್ತದೊತ್ತಡ ಕುಸಿಯಿತು, ಉಸಿರಿನ ದಾರಿ ಮುಚ್ಚತೊಡಗಿತು. ಅರಿವಳಿಕೆಯ ಡಾಕ್ಟರಮ್ಮ ಅನುಭವಸ್ಥೆ, ಗಕ್ಕನೆ ಗುರುತು ಹಿಡಿದು ಕೈಗವಸು ಬದಲಿಸಿ ಎಂದು ಅರಚಿ, ಸೂಜಿಯ ಮೇಲೆ ಸೂಜಿ ಕೊಟ್ಟು ಎಳೆದು ತಂದರು. ಹೃದಯ ಒಮ್ಮೆ ನಿಂತು ಮತ್ತೆ ಹೊರಟಿತಂತೆ. ಎಚ್ಚರವಾದಾಗ ಗಾಳಿಯಕ್ಕನ ಮಾತು ಗೊಗ್ಗರಾಗಿತ್ತು, ಬಲಗಾಲು ಎಳೆಯುತ್ತಿತ್ತು.

ಸರ್ಜನ್ ಕೆಂಡವಾದರು. ಅವರ ಮುಂದೆ, ಯಜಮಾನರ ಮುಂದೆ ತಮ್ಮ ಕಣ್ಣೀರು ಹಾಕಿದ. ಅವಳು ಹೇಳಿದ್ದು ನಿಜವಂತೆ, ನನಗೂ ಮೋಸ ಮಾಡಿದಳು, ಸ್ವಂತ ಅಕ್ಕನನ್ನು ನಂಬಿದ್ದೇ ನನ್ನ ತಪ್ಪು ಎಂದ. ಆ ಕಣ್ಣೀರಿಗೆ ಬೆಲೆ ಬಂತು. ತಪ್ಪು ಲ್ಯಾಬಿನದಲ್ಲ, ಕೈಯದು ಎಂದು ತೀರ್ಮಾನವಾಯಿತು. ಪೆಟ್ಟಿಗೆಗಳೆಲ್ಲ ವಾಪಸ್ಸು ಬಂದವು, ಬೆಂಚಿಗೆ ತಿಂಗಳುಗಟ್ಟಲೆ ಕೆಲಸವಿಲ್ಲವಾಯಿತು. ಮನೆಗೆ ಬಂದ ಗಾಳಿಯಕ್ಕನನ್ನು ನೋಡಲು ಕುಳ್ಳಿ ಒಂದೇ ಸಲ ಬಂದಳು, ಬಾಗಿಲಲ್ಲೇ ನಿಂತು, "ನಮ್ಮೆಲ್ಲರ ಹೊಟ್ಟೆ ಮೇಲೆ ಹೊಡೆದೆ ನೀನು. ಬೆಂಚಲ್ಲಿ ನಿನ್ನ ಹೆಸರೆತ್ತಬೇಡಿ ಅಂತಿದ್ದಾರೆ. ಸ್ಟೂಲು ಒಲೆಗೆ ಹಾಕಿದ್ರು" ಎಂದು ಹೇಳಿ ಹೊರಟುಹೋದಳು. ಗಾಳಿಯಕ್ಕ ಏನೋ ಹೇಳಲು ಬಾಯಿ ತೆರೆದಳು. ಗೊಗ್ಗರು ದನಿ ಬಾಗಿಲು ದಾಟುವ ಮೊದಲೇ ಕುಳ್ಳಿ ರಸ್ತೆಗಿಳಿದಿದ್ದಳು.

ಮಳೆ ಮುಗಿದು ಬಿಸಿಲು ಬಂದ ಒಂದು ಬೆಳಿಗ್ಗೆ ತಮ್ಮ ಹಿಂದಿನ ಕೋಣೆಗೆ ಬಂದ. ಕೈಯಲ್ಲಿ ಒಂದು ಸ್ಟೀಲ್ ತಟ್ಟೆ, ಅದರಲ್ಲಿ ನೀರು, ನೀರಿನಲ್ಲಿ ಒಂದು ಕೈಗವಸು, ಪಕ್ಕದಲ್ಲಿ ನೀಲಿ ಪೆನ್ನು, ಸ್ಕೇಲು. ಮಂಚದ ತುದಿಯಲ್ಲಿ ಕೂತ.

"ಈ ಸಲ ಬೇರೆ ಥರ ಮಾಡಿದೀನಿ ಅಕ್ಕ. ಪ್ರೋಟೀನಿನ ತುದಿ ಪೂರ್ತಿ ಬಿಚ್ಚಿದೀನಿ. ಇನ್ನೊಂದು ತುದಿ, ಆ ಕೊಬ್ಬಿನ ಗಂಟು, ಅದನ್ನ ಮುಟ್ಟಿಲ್ಲ. ಬಲೆ ಸ್ವಲ್ಪ ಉಳಿಯುತ್ತೆ. ಯಜಮಾನರು ಇನ್ನೊಂದೇ ಒಂದು ಅವಕಾಶ ಕೊಟ್ಟಿದ್ದಾರೆ."

ಗಾಳಿಯಕ್ಕ ಅವನ ಮುಖ ನೋಡಿದಳು. "ನಿಂಗೆ ಗೊತ್ತಿತ್ತು ಅಲ್ವೇನೋ?"

ಅವನು ಕೈಗವಸನ್ನು ನೀರಿನಿಂದ ಎತ್ತಿ ಕೊಡವಿದ. "ಬಾಯಿ ಒಣಗಿತ್ತು, ಆಕಳಿಸ್ತಿದ್ದೆ. ನಾನು ಕೆಮಿಸ್ಟ್ ಅಕ್ಕ. ಗೊತ್ತಾಗದೆ ಇರುತ್ತಾ?"

"ಆಸ್ಪತ್ರೇಲಿ ಹೇಳಬಹುದಿತ್ತಲ್ಲ."

"ಬದುಕಿ ಬಂದ್ಯಲ್ಲ ಈಗ. ಅದನ್ನೇ ಎಷ್ಟು ದಿನ ಹಿಡ್ಕೊಂಡು ಕೂರ್ತೀಯ?"

ಇದನ್ನು ಅವನು ಕೋಪದಿಂದ ಹೇಳಲಿಲ್ಲ, ಬೇಸರದಿಂದ ಹೇಳಿದ. ಬಾಗಿಲಲ್ಲಿ ಅವನ ಹೆಂಡತಿ ಬಂದು ನಿಂತಿದ್ದಳು. "ಅತ್ತಿಗೆ, ಆ ಮಾತ್ರೆಗಳೆಲ್ಲ ನನ್ನ ಹತ್ರ ಕೊಟ್ಬಿಡಿ. ಡಾಕ್ಟ್ರು ಕೊಟ್ಟ ಸೂಜಿಯ ಡಬ್ಬನೂ. ಮತ್ತೆ ಮೊದಲಿನ ಹಾಗಾಗಬಾರದು ನೋಡಿ." ಉತ್ತರಕ್ಕೆ ಕಾಯದೆ ಒಳಗೆ ಬಂದು ದಿಂಬಿನ ಕೆಳಗೆ ಕೈ ಹಾಕಿ ಮಾತ್ರೆ ತೆಗೆದಳು. ಕಪಾಟಿನಿಂದ ಸೂಜಿಯ ಡಬ್ಬ ತೆಗೆದಳು. ಉಸಿರು ಕಟ್ಟಿದರೆ ತೊಡೆಗೆ ಚುಚ್ಚಿಕೊಳ್ಳಿ ಎಂದು ಡಾಕ್ಟರಮ್ಮ ಕೊಟ್ಟಿದ್ದ ಸೂಜಿ ಅದು. ಎರಡನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಅಡುಗೆಮನೆಗೆ ಹೋದಳು. ತಮ್ಮನ ತಟ್ಟೆಯ ಪಕ್ಕದಲ್ಲೂ ಈ ಸಲ ಸೂಜಿಯಿರಲಿಲ್ಲ.

ಗಾಳಿಯಕ್ಕ ಕಿಟಕಿಯ ಕಡೆ ನೋಡಿದಳು, ಮೋರಿ ಕಂಡಿತು. ಬಾಗಿಲ ಕಡೆ ನೋಡಿದಳು. ಅಲ್ಲಿಂದ ಎದ್ದು ಹೋಗುವುದಾದರೂ ಎಲ್ಲಿಗೆ? ಎಳೆಯುವ ಕಾಲಿಗೆ ಹೊಸಿಲೇ ದೊಡ್ಡದಾಗಿತ್ತು, ಬೆಂಚಿನಲ್ಲಿ ಸ್ಟೂಲೂ ಇರಲಿಲ್ಲ. ಅವಳು ಯಾವಾಗಿನ ಅಭ್ಯಾಸದಂತೆ ಸೊಟ್ಟ ಕಿರುಬೆರಳಿನ ಎಡಗೈ ಮುಂದೆ ಚಾಚಿದಳು.

ತಮ್ಮ ಆ ಕೈಯನ್ನು ಹಿಡಿದು ಹಗುರವಾಗಿ, ಬಹಳ ಜೋಪಾನವಾಗಿ, ಅವಳ ಮಡಿಲಲ್ಲಿ ವಾಪಸ್ಸು ಇಟ್ಟ.

"ಬಲಗೈ ಕೊಡು ಅಕ್ಕ" ಎಂದ. "ಇದು ಪೆಟ್ಟಿಗೆಯ ಚಿತ್ರಕ್ಕೆ ಬೇಕು."

ಅವಳು ಬಲಗೈ ಕೊಟ್ಟಳು.